ಕಪ್ಪು ಮಗ್ಗುಲಿಗೆ ಹಾಕದ ಬಿಲ್ಲೆಗಳು

ಕೊಳ್ಳೇಗಾಲ

ಕೊಳ್ಳೇಗಾಲದವರಿಗೆ ಪ್ರವಾಸ ಹೊಸದೇನಲ್ಲ. ಐವತ್ತಾರರಲ್ಲಿ ನಾವು ಕುಳಿತ ಜಗಲಿಯಿಂದ ಕೆಳಗಿಳಿಯದೆ ಮದ್ರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿದವರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ನಮ್ಮ ತಂದೆ ಸುದ್ದಿ ತಂದವನನ್ನು, “ಮಗ್ಗ ಇಲ್ಲೇ ಇರ್ತದೆ ತಾನೆ?” ಎಂದು ಕೇಳಿ ಮತ್ತೆ ಲಾಳಿ ಎಸೆದರು. ಅಷ್ಟು ಸುಖದ ಪ್ರವಾಸವನ್ನು ನಾನು ಆಮೇಲೆ ಮಾಡಲಿಲ್ಲ.

ಎರಡನೆಯ ಪ್ರವಾಸ ಕೆಲವು ವರ್ಷಗಳ ನಂತರ ಬಂತು. ಆಗ ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಯುವಕ ಸಂಘಗಳಲ್ಲಿ ದುಡಿಯುವವರನ್ನು ಒಂದು ಬೇಸಿಗೆಯ ಮಟ್ಟಿಗೆ ಹೊರದೇಶಕ್ಕೆ ಕಳಿಸುವ ಯೋಜನೆಯೊಂದಿತ್ತು. ನಮ್ಮ ಕಡೆಯಿಂದ ಇಬ್ಬರು ಆಯ್ಕೆಯಾದೆವು. ನಾನು, ಮತ್ತು ಯಳಂದೂರಿನ ಪಕ್ಕದ ಹೊನ್ನೂರಿನ ಮಲ್ಲಪ್ಪ. ಮಲ್ಲಪ್ಪ ಭತ್ತ, ಕಬ್ಬು ಬೆಳೆಯುವ ರೈತ, ತನ್ನೂರಿನ ಸಂಘದ ಅಧ್ಯಕ್ಷ, ಬೆಳಿಗ್ಗೆ ವಿಭೂತಿ ಇಡದೆ ಕಾಫಿಯನ್ನೂ ಮುಟ್ಟದವನು. ಬೇರೆಯವರೆಲ್ಲ ಕೋಳಿ ಸಾಕಣೆ, ಹಾಲಿನ ಡೈರಿ ಎಂದು ಕೇಳಿಕೊಂಡರೆ ನಾವಿಬ್ಬರೂ ಸಮುದ್ರ ತೀರದ ದೋಣಿ ಶಿಬಿರ ಬೇಕೆಂದೆವು. ಆಯ್ಕೆಗೆ ಕುಳಿತಿದ್ದ ಸಾಹೇಬರೊಬ್ಬರು ನಕ್ಕರು.

“ಅಲ್ಲಯ್ಯಾ, ಹೊನ್ನೂರಿಗೆ ಸಮುದ್ರ ಯಾವಾಗ ಬಂತು?”

“ಮುಳುಗಾಕೆ ಸಮುದ್ರನೇ ಬೇಕಾ ಸಾ? ನಮ್ಮೂರ್ ಕೆರೆ ಸಾಕು,” ಎಂದ ಮಲ್ಲಪ್ಪ.

ಸಾಹೇಬರು ನಮ್ಮ ಅರ್ಜಿಗೆ ರುಜು ಹಾಕಿದರು. ಮಲ್ಲಪ್ಪನ ತಮ್ಮ ಮಾದೇವ ಹುಡುಗನಾಗಿದ್ದಾಗ ಎಮ್ಮೆಯ ಮೈ ತೊಳೆಯಲು ಇಳಿದು ಆ ಕೆರೆಯಲ್ಲೇ ಮುಳುಗಿಹೋಗಿದ್ದ. ಅಂದಿನಿಂದ ಊರಿನ ಮಕ್ಕಳು ಕೆರೆ ಏರಿಯ ಮೇಲೆ ಕಾಲಿಡುವುದೂ ತಪ್ಪು. ಬೇಡ ಎಂದರೆ ಮಕ್ಕಳು ಕದ್ದು ಇಳಿಯುತ್ತವೆ, ಕಲಿಸಿ ಇಳಿಸಿದರೆ ಉಳಿಯುತ್ತವೆ ಎಂಬುದು ಮಲ್ಲಪ್ಪನ ವಾದ. ಸಂಘದಿಂದ ಒಂದು ಹರಿಗೋಲು ತಂದು ಮಕ್ಕಳಿಗೆ ನೀರಿನ ಪಾಠ ಮಾಡಬೇಕೆಂದು ಅವನ ಆಸೆ. ಅಡ್ಡ ನಿಂತಿದ್ದವರು ಅವನ ತಾಯಿ ಪುಟ್ಟಮ್ಮ. ಆಕೆ ಒಪ್ಪದೆ ಊರಿನ ಒಬ್ಬ ತಾಯಿಯೂ ಮಗುವನ್ನು ಕಳಿಸುವಂತಿರಲಿಲ್ಲ.

ಹೊರಡುವ ದಿನ ಬುತ್ತಿಗಂಟು ಕೊಡುತ್ತಾ ಆಕೆ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. “ಓಗಿ ಕಲ್ತ್ಕಂಡ್ ಬಾ, ಬ್ಯಾಡ ಅನ್ನಕಿಲ್ಲ. ಆದ್ರೆ ಅಲ್ಲಿ ನಿನ್ ಕೈಲಿ ಒಂದ್ ಮಗೀಗೆ ಏನಾರ ಆಯ್ತು ಅಂದ್ರೆ, ಈ ಕೆರೆ ಮಾತ ನನ್ ಮುಂದೆ ಎತ್ತಬ್ಯಾಡ ಕಣ್ಲಾ ಮಲ್ಲಾ.”

ಮಲ್ಲಪ್ಪ ಆಕೆಯ ಪಾದ ಮುಟ್ಟಿ, “ಓಗ್ ಬತ್ತೀನಿ ಕಣವ್ವ,” ಎಂದ. ಬರೀ ‘ಹೋಗುತ್ತೇನೆ’ ಎಂದು ಹೊಸ್ತಿಲು ದಾಟುವ ಮಗನನ್ನು ನಮ್ಮ ಕಡೆಯ ತಾಯಂದಿರು ವಾಪಸು ಕರೆದು ಕೂರಿಸುತ್ತಾರೆ.

ಹಡಗು

ಹಡಗಿನ ಬಗ್ಗೆ ಬರೆಯುವಂಥದ್ದು ಕಡಿಮೆ. ಮೈಸೂರಿನ ಒಬ್ಬ ಸಜ್ಜನರು ಊಟದ ಮೇಜಿನಲ್ಲಿ ಜೊತೆಯಾದರು. ನಾವು ಕೊಳ್ಳೇಗಾಲದ ಕಡೆಯವರು ಎಂದೊಡನೆ ತಮ್ಮ ತಟ್ಟೆಯನ್ನು ಒಂದಿಷ್ಟು ದೂರ ಎಳೆದುಕೊಂಡರು. ಮಾಟ ಮಂತ್ರದಲ್ಲಿ ನಮ್ಮೂರಿನ ಹೆಸರು ಅಷ್ಟು ದೊಡ್ಡದು. ಮರುದಿನ ಅಲೆಯ ಹೊಡೆತಕ್ಕೆ ಅವರು ಮಲಗಿಬಿಟ್ಟರು. ನಾವಿಬ್ಬರೂ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದುದು ಅವರ ಅನುಮಾನವನ್ನು ಖಾತ್ರಿ ಮಾಡಿರಬೇಕು.

ಮಲ್ಲಪ್ಪ ಕಟಕಟೆ ಹಿಡಿದು ನಿಂತು ಸಮುದ್ರವನ್ನೇ ನೋಡುತ್ತಿದ್ದ. “ಇಷ್ಟ್ ನೀರಿದ್ದೂ ಒಂದ್ ಗದ್ದೆಗೆ ಕಟ್ಟಕಾಗಕಿಲ್ವಲ್ಲ ಮೇಷ್ಟ್ರೇ. ಇದ್ಯಾತರ ನೀರು ಬುಡಿ,” ಎಂದ. ಸಮುದ್ರದ ಬಗ್ಗೆ ಆಮೇಲೂ ಅವನಿಗೆ ಗೌರವವೇನೂ ಹುಟ್ಟಲಿಲ್ಲ.

ದೋಣಿಮನೆ

ನಾವು ಸೇರಿದ್ದು ವೇಲ್ಸ್ ಸೀಮೆಯ ಒಂದು ಸಣ್ಣ ಊರನ್ನು. ಅದರ ಹೆಸರನ್ನು ನಾನು ಬರೆಯಲಾರೆ, ಬರೆದರೆ ನೀವು ಓದಲಾರಿರಿ. ಅಲ್ಲಿನವರಿಗೆ ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು. ಅಂಗಡಿಯವನು ಗಿರಾಕಿಯ ಮುಖ ನೋಡಿ ಮಾತು ಬದಲಿಸುವುದನ್ನು ಕಂಡಾಗ ನಮ್ಮ ಪೇಟೆ ಬೀದಿಯಲ್ಲೇ ನಿಂತಂತಾಯಿತು.

ದೋಣಿಮನೆ ಎಂದರೆ ಕಡಲಂಚಿನ ಒಂದು ಹಳೆಯ ಉಗ್ರಾಣ. ಕೆಳಗೆ ದೋಣಿಗಳು, ಮೇಲೆ ಮಕ್ಕಳು ಮಲಗುವ ಹಜಾರ, ಪಕ್ಕದಲ್ಲಿ ಅಡುಗೆಮನೆ. ಕಲ್ಲಿದ್ದಲಿನ ಊರುಗಳಿಂದ, ಕಾರ್ಖಾನೆ ಊರುಗಳಿಂದ ಹುಡುಗ ಹುಡುಗಿಯರ ತಂಡಗಳು ವಾರಕ್ಕೊಂದರಂತೆ, ಕೆಲವೊಮ್ಮೆ ಎರಡೆರಡು, ಬಂದಿಳಿಯುತ್ತಿದ್ದವು. ನಡೆಸುವವರಲ್ಲಿ ಸಂಬಳದವರು ಒಬ್ಬರೂ ಇಲ್ಲ. ನಲ್ಲಿ ರಿಪೇರಿಯ ಎಮ್ಲಿನ್ ದೋಣಿ ಕಲಿಸುತ್ತಿದ್ದ. ಬ್ಯಾಂಕಿನ ಗುಮಾಸ್ತನೊಬ್ಬ ಶನಿವಾರ ಮಧ್ಯಾಹ್ನ ಕೋಟು ಬಿಚ್ಚಿಟ್ಟು ಕಕ್ಕಸು ತೊಳೆಯುತ್ತಿದ್ದ. ಎಲ್ಲರ ಮೇಲೆ ಡಿಲಿಸ್ ಎಂಬ ಹೆಂಗಸು, ಅಂಚೆ ಕಚೇರಿಯಿಂದ ನಿವೃತ್ತಳಾದವಳು. ಮಲ್ಲಪ್ಪನ ಬಾಯಲ್ಲಿ ಆಕೆ ಮೊದಲ ದಿನವೇ ದಿಲ್ಲಮ್ಮ ಆದಳು.

ಬ್ಯಾಂಕಿನವನು ಕಕ್ಕಸು ತೊಳೆಯುವುದನ್ನು ನೋಡಿ ನನಗೆ ಎರಡು ದಿನ ಊಟ ಸರಿಯಾಗಿ ಸೇರಲಿಲ್ಲ. ಮೂರನೆಯ ದಿನ ನನ್ನ ಸರದಿ ಬಂತು. ತೊಳೆದೆ. ಊರಿಗೆ ಬಂದ ಮೇಲೆ ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಓದಿ ತಿಳಿಯಲಿ.

ಮಲ್ಲಪ್ಪನನ್ನು ಮಕ್ಕಳು ಬಹಳ ಬೇಗ ಹಚ್ಚಿಕೊಂಡವು. ನೀರಿಗಿಳಿಯುವ ಮುನ್ನ, ಮುಳುಗದಿರಲೆಂದು ಕಟ್ಟಿಕೊಳ್ಳುವ ಅಂಗಿಯೊಳಗೆ ತುಂಬಿದ್ದು ನಮ್ಮ ಬೂರುಗದ ಹತ್ತಿಯಂಥದ್ದೇ. ಮಲ್ಲಪ್ಪ ಅದನ್ನು ಹಿಸುಕಿ ನೋಡಿ, “ದಿಂಬ ಕಟ್ಕಂಡು ನೀರ್ಗಿಳೀಬೇಕಾ?” ಎಂದ. ನಾನು ಅದನ್ನು ಇಂಗ್ಲಿಷಿಗೆ ತಂದಾಗ ಹುಡುಗರು ಬಿದ್ದು ಬಿದ್ದು ನಕ್ಕರು. ದೋಣಿ ಹತ್ತುವ ಮುನ್ನ ಅವನು ಚಪ್ಪಲಿಯನ್ನು ದಡದ ಕಲ್ಲಿನ ಮೇಲೆ ಜೋಡಿಸಿಡುತ್ತಿದ್ದ. ರಾಶಿ ಹಾಕಿದ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವುದುಂಟೇ? ದೋಣಿಯೂ ಅವನಿಗೆ ಹಾಗೆಯೇ. ಎಮ್ಲಿನ್, ಕಾಲು ಜಾರೀತು, ಏನಾದರೂ ಚುಚ್ಚೀತು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಎಣಿಸುವುದೂ ಕಣದ ರೀತಿಯೇ. ನಮ್ಮ ಕಡೆ ಧಾನ್ಯ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಮಲ್ಲಪ್ಪ ದೋಣಿಯ ಹುಟ್ಟುಗಳನ್ನೂ, ದಿಂಬಿನ ಅಂಗಿಗಳನ್ನೂ, ಕೊನೆಗೆ ಮಕ್ಕಳನ್ನೂ “ಲಾಭ, ಎರಡು, ಮೂರು” ಎಂದೇ ಎಣಿಸಿದ. ವಾರ ಕಳೆಯುವುದರೊಳಗೆ ಆ ಮಕ್ಕಳು ಸಾಲಾಗಿ ನಿಂತು ತಾವೇ ಲಾಭ, ಎರಡು ಎಂದು ಕೂಗತೊಡಗಿದವು. ಲಾಭ ಆಗಲು ಪ್ರತಿದಿನ ನೂಕುನುಗ್ಗಲು.

ನೇತಾಡಿದ ದೋಣಿ

ನಮ್ಮ ಮೊದಲ ಪರಾಕ್ರಮ ಹೀಗಿದೆ. ಒಂದು ಮಧ್ಯಾಹ್ನ ದೋಣಿಯೊಂದನ್ನು ಕಟ್ಟುವ ಕೆಲಸ ನಮಗೆ ಬಂತು. ಗೋಡೆಯಂಚಿನ ಕಬ್ಬಿಣದ ಬಳೆಗೆ, ತುಂಟ ಹಸುವನ್ನು ಗೂಟಕ್ಕೆ ಕಟ್ಟುವಂತೆ ಹಗ್ಗವನ್ನು ಗಿಡ್ಡ ಮಾಡಿ, ಹಿಂದೆ ಮುಂದೆ ಎರಡೂ ಕಡೆ ಬಿಗಿದೆವು. ಗಂಟು ನಾನೇ ಹಾಕಿದೆ. ತುಂಡಾದ ರೇಷ್ಮೆ ಎಳೆಯನ್ನು ಕಣ್ಣು ಮುಚ್ಚಿ ಕೂಡಿಸಬಲ್ಲ ಮನೆತನ ನಮ್ಮದು. ಹೆಬ್ಬೆರಳಿನ ದಪ್ಪದ ಹಗ್ಗ ಕೈಗೆ ಬಂದಾಗ ಬೆರಳುಗಳಿಗೆ ಎಲ್ಲ ಮರೆತುಹೋಯಿತು, ಹೇಗೋ ನಾಲ್ಕೈದು ಸುತ್ತು ಹೆಚ್ಚಿಗೇ ಸುತ್ತಿದೆ.

ಚಹಾ ಕುಡಿದು ಬಂದು ನೋಡಿದರೆ ಸಮುದ್ರವೇ ಇಲ್ಲ. ನೀರು ಇಳಿದು ಕೆಸರು ಕಾಣುತ್ತಿತ್ತು. ನಮ್ಮ ದೋಣಿ ಗೋಡೆಯಲ್ಲಿ ಬಾವಲಿಯಂತೆ ನೇತಾಡುತ್ತಿತ್ತು.

“ಎಲ್ಲೋಯ್ತು ಮೇಷ್ಟ್ರೇ ನೀರು? ಯಾರ್ ತೂಬ್ ಎತ್ತಿದ್ರು?” ಎಂದ ಮಲ್ಲಪ್ಪ. ನಾವು ಹೊಳೆ, ಕಾಲುವೆಗಳ ಜನ. ನೀರು ಒಂದೇ ಕಡೆಗೆ ಹರಿಯುತ್ತದೆಂದು ನಂಬಿದವರು. ಉಬ್ಬರ ಇಳಿತವನ್ನು ನಾನು ಭೂಗೋಳದ ಪುಸ್ತಕದಲ್ಲಿ ಓದಿ ಪಾಸಾಗಿದ್ದೆ, ಅಷ್ಟೆ. ಎಮ್ಲಿನ್ ಬಂದು ನೋಡಿ, ತಲೆ ಕೆರೆದು, ಗಂಟು ಮಾತ್ರ ಬಿಚ್ಚದಂತೆ ಹಾಕಿದ್ದೀರಿ ಎಂದು ಹೊಗಳಿ ಹಗ್ಗ ಕತ್ತರಿಸಿದ. ಶಿಕ್ಷೆಯೆಂದು ಅಂದಿನ ಪಾತ್ರೆಗಳೆಲ್ಲ ನಮ್ಮ ಪಾಲಾದವು. ಸಂಬಳವಿಲ್ಲದ ಕಡೆ ಬೇರೆ ಇನ್ನೇನು ಶಿಕ್ಷೆ ಕೊಡಲು ಸಾಧ್ಯ?

ಚರ್ಚಿನ ಹಲಗೆ

ಒಂದು ಭಾನುವಾರ ದಿಲ್ಲಮ್ಮ ನಮ್ಮನ್ನು ಊರಿನ ಚರ್ಚಿಗೆ ಕರೆದೊಯ್ದಳು. ಒಳಗೆ ಗೋಡೆಯ ಮೇಲೆ ಕಪ್ಪು ಹಲಗೆ, ಅದರ ಮೇಲೆ ಚಿನ್ನದ ಬಣ್ಣದ ಹೆಸರುಗಳ ಸಾಲು. ಮೀನು ಹಿಡಿಯಲು ಹೋಗಿ ಹಿಂದಿರುಗದವರು ಎಂದಳು. ಒಂದೇ ಮನೆತನದ ಮೂರು ಹೆಸರು ಒಟ್ಟಿಗಿದ್ದವು. ಮಲ್ಲಪ್ಪನಿಗೆ ನಾನು ಅರ್ಥ ಹೇಳಿದೆ. ಅವನು ಬಹಳ ಹೊತ್ತು ಅಲ್ಲೇ ನಿಂತಿದ್ದ. ತಮ್ಮ ನೆನಪಾಗಿರಬೇಕೆಂದು ನಾನು ಕೆದಕಲಿಲ್ಲ.

ದೋಣಿಮನೆಯ ಬಾಗಿಲ ಪಕ್ಕದಲ್ಲೂ ಒಂದು ಹಲಗೆ ಇತ್ತು. ಅರ್ಧಕ್ಕೆ ಬಿಳಿ ಬಣ್ಣ, ಅರ್ಧಕ್ಕೆ ಕಪ್ಪು, ಎರಡರಲ್ಲೂ ಸಾಲು ಮೊಳೆಗಳು. ಬಂದ ದಿನವೇ ಪ್ರತಿಯೊಬ್ಬರ ಹೆಸರನ್ನು ಒಂದೊಂದು ಮರದ ಬಿಲ್ಲೆಯ ಮೇಲೆ ಬರೆಯುತ್ತಿದ್ದರು. ದಡದಲ್ಲಿದ್ದರೆ ಬಿಲ್ಲೆ ಬಿಳಿಯ ಕಡೆ, ನೀರಿಗೆ ಹೋದರೆ ಕಪ್ಪಿನ ಕಡೆ. ಮಂಜು ಕವಿದರೆ ದಿಲ್ಲಮ್ಮ ಮೊದಲು ನೋಡುವುದು ಈ ಹಲಗೆಯನ್ನು. ಕಪ್ಪು ಮಗ್ಗುಲಲ್ಲಿ ಒಂದು ಬಿಲ್ಲೆ ಇದ್ದರೂ ಕಡಲಂಚಿನ ಗಂಟೆಯನ್ನು ಬಿಡದೆ ಬಾರಿಸಬೇಕು. ದಾರಿ ಕಾಣದ ದೋಣಿ ಆ ಸದ್ದು ಹಿಡಿದು ಬರುತ್ತದೆ. ಅಲ್ಲಿಯ ಎಲ್ಲ ನಿಯಮಗಳಲ್ಲಿ ನಗು ಬೆರೆಸದೆ ಹೇಳುತ್ತಿದ್ದ ನಿಯಮ ಇದೊಂದೇ.

ಮಂಜು

ಚರ್ಚಿಗೆ ಹೋಗಿ ಬಂದ ಒಂದೆರಡು ದಿನಕ್ಕೆ, ಮಧ್ಯಾಹ್ನ, ನಾನು ಮತ್ತು ದಿಲ್ಲಮ್ಮ ಬ್ರೆಡ್ಡು ತರಲು ಅಂಗಡಿಗೆ ಹೋದೆವು. ಹಿಂದಿರುಗುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿ ಬಂದಿತ್ತು. ಬಿಳಿಗಿರಿರಂಗನ ಬೆಟ್ಟದ ಮೇಲೆ ಮಂಜು ಕೂರುವುದನ್ನು ನಾವೆಲ್ಲ ಕೆಳಗಿನಿಂದ ನೋಡಿದವರು. ಇದು ಕಾಲಬುಡಕ್ಕೇ ಬಂದು ನಿಂತಿತು. ದಿಲ್ಲಮ್ಮ ಬುಟ್ಟಿ ಇಳಿಸುವ ಮೊದಲು ಹಲಗೆಯ ಮುಂದೆ ನಿಂತಳು. ಬಿಲ್ಲೆಗಳೆಲ್ಲ ಬಿಳಿಯ ಕಡೆಗಿದ್ದವು. “ಸದ್ಯ, ಎಲ್ಲರೂ ದಡದಲ್ಲಿದ್ದಾರೆ,” ಎಂದು ಒಲೆಯ ಮೇಲೆ ನೀರಿಟ್ಟಳು. ಮೇಲಿನ ಹಜಾರದಲ್ಲಿ ಹುಡುಗಿಯರ ತಂಡವೊಂದು ಗದ್ದಲ ಮಾಡುತ್ತಿತ್ತು. ಮನೆ ತುಂಬಿದಂತೆಯೇ ಇತ್ತು.

ನಾನು ಆಲೂಗಡ್ಡೆ ತೊಳೆದ ನೀರು ಚೆಲ್ಲಲು ಹೊರಗೆ ಹೋದೆ. ದಡದ ಕಲ್ಲಿನ ಮೇಲೆ ಮಲ್ಲಪ್ಪನ ಚಪ್ಪಲಿಗಳಿದ್ದವು. ಜೋಡಿಸಿಟ್ಟಿದ್ದವು, ನೀರಿನ ಕಡೆಗೆ ಮುಖ ಮಾಡಿ.

ನನ್ನ ಕೈಯಿಂದ ಬಕೆಟ್ಟು ಬಿತ್ತು. ಆ ಮನುಷ್ಯ ಚಪ್ಪಲಿ ಬಿಡುವುದು ಮೂರೇ ಕಡೆ, ದೇವರ ಮನೆ, ಕಣ, ದೋಣಿ. “ದಿಲ್ಲಮ್ಮಾ!” ಎಂದು ನಾನೂ ಅವನಂತೆಯೇ ಕಿರುಚಿದೆ. ಆಕೆ ಓಡಿ ಬಂದು ನೋಡಿದಳು, ಮರುಮಾತಿಲ್ಲದೆ ಗಂಟೆಯ ಹಗ್ಗ ಹಿಡಿದಳು. ಆಕೆಯ ಕೈ ಸೋತಾಗ ನಾನು ಹಿಡಿದೆ. ಎಷ್ಟು ಹೊತ್ತು ಬಾರಿಸಿದೆವೋ ಕಾಣೆ. ನನ್ನ ಕಣ್ಣ ಮುಂದೆ ಇದ್ದದ್ದು ಪುಟ್ಟಮ್ಮನ ಮುಖ. ಅಂದು ಎಮ್ಲಿನ್‌ನ ದೋಣಿಯ ಸರದಿ ಕಲ್ಲಿದ್ದಲಿನ ಊರಿನ ಎಂಟು ಮಕ್ಕಳದಾಗಿತ್ತು. ನೀರು ಇಳಿಯುವ ಹೊತ್ತು ಬೇರೆ, ದೋಣಿಯನ್ನು ಹೊರಗೆ ಎಳೆದೊಯ್ಯುತ್ತದೆ. ನನಗೆ ಭಯವಾಯಿತು, ಜೀವಮಾನದಲ್ಲಿ ಅಂಥ ಭಯವನ್ನು ನಾನು ಕಂಡಿಲ್ಲ.

ಆಮೇಲೆ ಮಂಜಿನೊಳಗಿಂದ ಸಣ್ಣ ದನಿಗಳು ಬಂದವು. ಗಂಟೆ ನಿಲ್ಲಿಸಿ ಕಿವಿಗೊಟ್ಟೆವು. “ಲಾಭ! ಎರಡು! ಮೂರು! ನಾಲ್ಕು!” ವೇಲ್ಸಿನ ಮಕ್ಕಳು ಸರದಿಯ ಮೇಲೆ ಕನ್ನಡದಲ್ಲಿ ಕೂಗುತ್ತಿದ್ದವು. ಎಂಟರವರೆಗೆ ಬಂದು ಮತ್ತೆ ಲಾಭದಿಂದ ಶುರು. ಪ್ರತಿ ಸಲವೂ ಎಂಟು ಬಂತು. ನಾನು ಅತ್ತುಬಿಟ್ಟೆ. ದಿಲ್ಲಮ್ಮ ಅಳಲಿಲ್ಲ, ಅಷ್ಟೇ ಜೋರಾಗಿ ಮತ್ತೆ ಗಂಟೆ ಬಾರಿಸಿದಳು.

ದೋಣಿ ದಡ ಮುಟ್ಟಿದಾಗ ಮಕ್ಕಳಿಗೆ ಅದೊಂದು ಆಟವಾಗಿತ್ತು. ಮಲ್ಲಪ್ಪನ ಮುಖ ಮಾತ್ರ ವಿಭೂತಿಗಿಂತ ಬಿಳುಪಾಗಿತ್ತು.

ಹಲಗೆಯ ಮುಂದೆ

ಮೊದಲು ಕಂಬಳಿ, ಆಮೇಲೆ ಬಿಸಿ ಕೋಕೋ, ಮಕ್ಕಳೆಲ್ಲ ಒಲೆಯ ಸುತ್ತ ಕುಳಿತ ಮೇಲೆಯೇ ದಿಲ್ಲಮ್ಮ ಮಲ್ಲಪ್ಪನನ್ನು ಹಲಗೆಯ ಹತ್ತಿರ ಕರೆದಳು. ಬಿಲ್ಲೆ ಬದಲಿಸುವ ಕೆಲಸ ಅಂದು ಅವನದಾಗಿತ್ತು. ಯಾಕೆ ಬದಲಿಸಲಿಲ್ಲ ಎಂದು ಕೇಳಿದಳು. ನಾನು ಮಧ್ಯೆ ನಿಂತು ಎರಡು ಕಡೆಯ ಮಾತನ್ನೂ ದಾಟಿಸಿದೆ.

“ಆ ಚರ್ಚಲ್ಲಿ ನೋಡಿದ್ನಲ್ಲ ಮೇಷ್ಟ್ರೇ. ಕಪ್ ಅಲಗೆ ಮ್ಯಾಲೆ ಎಸ್ರು. ಇಲ್ಲೂ ಕಪ್ಪೇಯ. ಇನ್ನೂ ದೋಣಿ ಅತ್ತಿಲ್ಲ, ಆಗ್ಲೇ ಆ ಕೂಸ್ಗಳ ಎಸ್ರ ಅಲ್ಲಿಗ್ ನೇತಾಕಾದಾ? ಕೈ ಬರ್ನಿಲ್ಲ. ಮುಟ್ದೆ, ತಿರ್ಗ ಬಿಳೀ ಕಡೆಗೇ ಬುಟ್ಟೆ. ಒಳ್ಳೇದಾಗ್ಲಿ ಅಂತ್ಲೇ ಬುಟ್ಟೆ. ಮಂಜು ಬಂದಾಗ ಎಮ್ಲಿನ್ ಉಟ್ಟು ಆಕಾದ್ ನಿಲ್ಸಿ, ಗಂಟೆ ಬತ್ತದೆ, ಗಂಟೆ ಬತ್ತದೆ ಅಂತ ಕುಂತವ್ನೆ. ಯಾಕ್ ಬರಕಿಲ್ಲ ಅಂತ ಆ ದೋಣೀಲಿ ನನ್ನೊಬ್ಬಂಗೇ ಗೊತ್ತು. ಏಳಕ್ಕೆ ಇಂಗ್ಲಿಸು ಬರಕಿಲ್ಲ. ಒಬ್ರೂ ಜಾರ್ಬಾರ್ದು ಅಂತ ಎಣ್ಸಿ ಎಣ್ಸಿ ಅಂತ ಕೂಗುಸ್ತಾ ಇದ್ದೆ.”

ದಿಲ್ಲಮ್ಮ ಅದನ್ನು ಪೂರ್ತಿ ಕೇಳಿದಳು. ಬಯ್ಯಲಿಲ್ಲ. “ಚರ್ಚಿನ ಹಲಗೆ ಬರದವರದು, ಅವರಿಗಾಗಿ ಇನ್ನು ಯಾರೂ ಕಾಯುವುದಿಲ್ಲ. ಇದು ಬರುವವರ ಹಲಗೆ. ನಾನು ಯಾರಿಗಾಗಿ ಕಾದು ಕೂರಬೇಕು ಎಂದು ಇದು ನನಗೆ ಹೇಳುತ್ತದೆ. ನೀನು ಹೇಳದಿದ್ದರೆ ನಾನು ಯಾರಿಗಾಗಿ ಕಾಯಲಿ?” ಎಂದಳು.

ನಾನು ಅದನ್ನು ಕನ್ನಡಕ್ಕೆ ತಂದೆ.

ಭಾನುವಾರ ಎಲ್ಲರೂ ಸೇರಿ ಸಭೆ ಮಾಡಿದರು. ಇವನನ್ನು ಇನ್ನು ನೀರಿಗೆ ಕಳಿಸಬಾರದು ಎಂದು ಬ್ಯಾಂಕಿನವನು. ಹೊರಡುವ ಮೊದಲು ಹಲಗೆಯ ಮೇಲೆ ಕಣ್ಣಾಡಿಸಬೇಕಿದ್ದದ್ದು ನಾನು, ತಪ್ಪು ನನ್ನದು ಎಂದು ಎಮ್ಲಿನ್. ವಾದ ಜೋರಾಗಿಯೇ ನಡೆಯಿತು. ನಮ್ಮ ಪಂಚಾಯ್ತಿಯಾಗಿದ್ದರೆ ಯಾರಾದರೊಬ್ಬರು ಟವೆಲು ಕೊಡವಿ ಎದ್ದು ಹೋಗುತ್ತಿದ್ದರು. ಇಲ್ಲಿ ಯಾರೂ ಏಳಲಿಲ್ಲ, ಯಾಕೆಂದರೆ ಸಭೆಯ ನಂತರ ಕಡುಬು ಇತ್ತು. ಕೊನೆಗೆ ದಿಲ್ಲಮ್ಮನ ತೀರ್ಮಾನ ನಿಂತಿತು. ನಾವು ಇರುವಷ್ಟು ದಿನವೂ ಹಲಗೆಯ ಪೂರ್ತಿ ಜವಾಬ್ದಾರಿ ಮಲ್ಲಪ್ಪನದು.

ಅಲ್ಲಿಂದ ಮುಂದೆ ಅವನು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಮಕ್ಕಳ ಬಿಲ್ಲೆಯನ್ನು ಕಪ್ಪು ಕಡೆಗೆ ಹಾಕುವಾಗ ಪ್ರತಿ ಸಲವೂ “ಓಗ್ ಬಾ” ಎನ್ನುತ್ತಿದ್ದ. ಬಂದಾಗ ತಾನೇ ಎದ್ದು ಬಿಳಿಗೆ ಬದಲಿಸುತ್ತಿದ್ದ. ಊಟಕ್ಕೆ ಕರೆದರೂ ಕಪ್ಪು ಕಡೆ ಖಾಲಿಯಾಗದೆ ಏಳುತ್ತಿರಲಿಲ್ಲ.

ಹೊನ್ನೂರು

ಊರಿಗೆ ಬಂದ ಮೇಲೆ ಮಲ್ಲಪ್ಪ ತಾಯಿಯ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ಸುಮ್ಮನಿದ್ದರೆ ಏನು ಹೋಗುತ್ತದೆ, ವೇಲ್ಸಿನಿಂದ ಸಾಕ್ಷಿ ಹೇಳಲು ಯಾರೂ ಬರುವುದಿಲ್ಲ ಎಂದು ನಾನು ಬಸ್ಸಿನಲ್ಲಿ ಬುದ್ಧಿ ಹೇಳಿದ್ದೆ. ಅವನು ಜಗಲಿಯ ಮೇಲೆ ಕುಳಿತು ಚರ್ಚಿನ ಹಲಗೆಯಿಂದ ಹಿಡಿದು ಮಂಜಿನವರೆಗೆ ಎಲ್ಲವನ್ನೂ ಹೇಳಿದ. ಪುಟ್ಟಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದರು. ಹರಿಗೋಲಿನ ಆಸೆ ಇಲ್ಲಿಗೆ ಮುಗಿಯಿತೆಂದು ನಾನು ನೆಲ ನೋಡುತ್ತಾ ಕುಳಿತೆ.

“ಆ ಯಮ್ಮ ಏನಂದ್ಲು?” ಎಂದು ಕೇಳಿದರು.

“ಯಾರ್ಗ್ ಕಾದ್ಕಂಡ್ ಕುಂತ್ಕಬೇಕು ಅಂತ ನಂಗ್ ಗೊತ್ತಾಗ್ಬೇಕು ಅಂದ್ಲು ಕಣವ್ವ.”

ಪುಟ್ಟಮ್ಮ ಇನ್ನೊಂದು ಕಾಯಿ ಸುಲಿದರು. “ಮಾದೇವ ಕೆರೆಗ್ ಓಗಿದ್ದ ಅಂತ ನಂಗೆ ಯಾರೂ ಏಳ್ನಿಲ್ಲ. ಒಲ್ದಲ್ಲವ್ನೆ ಅಂತ ನಾನು ಅಡ್ಗೆ ಮಾಡ್ಕಂಡ್ ಕುಂತಿದ್ದೆ,” ಎಂದರು. ಆಮೇಲೆ ಸಿಪ್ಪೆಯನ್ನು ಕೊಡವಿ ಎದ್ದರು. “ಅರಿಗೋಲು ತತ್ತೀಯೇನೋ ತಾ. ಕಪ್ಪು ಅಲಗೆ ಗಿಲಗೆ ಬ್ಯಾಡ. ಆ ಬಿಲ್ಲೆಗೋಳ ನನ್ ಕೈಗ್ ಕೊಡು.”

ಕಾವೇರಿ ದಡದಿಂದ ಹರಿಗೋಲು ಎತ್ತಿನ ಗಾಡಿಯಲ್ಲಿ ಬೋರಲಾಗಿ ಬಂತು. ದೋಣಿಮನೆಯವರು ಬೀಳ್ಕೊಡುವಾಗ ಕೊಟ್ಟ ಹಳೆಯ ದಿಂಬಿನ ಅಂಗಿಗಳು ಹೇಗೂ ನಮ್ಮಲ್ಲಿದ್ದವು. ಮೊದಲ ದಿನ ಬಂದದ್ದು ಬೆರಳೆಣಿಕೆಯ ಮಕ್ಕಳು. ಏರಿಯ ಮೇಲೆ ಅರ್ಧ ಊರೇ ನೆರೆದಿತ್ತು, ತಮಾಷೆ ನೋಡಲು ಕೆಲವರು, ತಡೆಯಲು ಕೆಲವರು. ಪುಟ್ಟಮ್ಮ ನೀರಿನಂಚಿನಲ್ಲಿ ಚಾಪೆ ಹಾಕಿ ಕುಳಿತರು. ಒಂದೊಂದು ಮಗುವೂ ತನ್ನ ಬಿಲ್ಲೆಯನ್ನು ಅವರ ಮಡಿಲಿಗೆ ಹಾಕಿ, “ಓಗ್ ಬತ್ತೀನಿ ಅಜ್ಜಿ,” ಎಂದು ಹೇಳಿಯೇ ಹರಿಗೋಲು ಹತ್ತಿತು. ಮಲ್ಲಪ್ಪನೂ ಚಪ್ಪಲಿ ಬಿಟ್ಟು, ತನ್ನದನ್ನು ಹಾಕಿದ. ಅವರು ಸೆರಗನ್ನು ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹರಿಗೋಲು ಗಿರಕಿ ಹೊಡೆಯುತ್ತಾ ಕೆರೆಯ ನಡುವಿಗೆ ಹೋಯಿತು. ಮಕ್ಕಳು ಕೇಕೆ ಹಾಕಿದವು. ಪುಟ್ಟಮ್ಮ ಒಂದು ಸಲವೂ ಅದರಿಂದ ಕಣ್ಣು ಕೀಳಲಿಲ್ಲ, ಪಕ್ಕದಲ್ಲಿದ್ದ ನಾನು ಎಲೆಅಡಿಕೆ ಕೊಟ್ಟರೆ ಕೈ ಚಾಚಲೂ ಇಲ್ಲ.

ಅದು ದಡಕ್ಕೆ ಬಂದು ತಾಗಿದಾಗ ಸೆರಗಿನ ಗಂಟು ಬಿಚ್ಚಿದರು. ಮೊದಲು ಇಳಿದ ಹುಡುಗಿಯ ಕೈಗೆ ಬಿಲ್ಲೆ ಕೊಟ್ಟು, “ಲಾಭ,” ಎಂದರು. ಆಮೇಲೆ ಎರಡು, ಮೂರು. ಕೊನೆಯ ಮಗುವೂ ತನ್ನದನ್ನು ತೆಗೆದುಕೊಂಡು ಓಡಿತು. ಏರಿಯ ಮೇಲಿನ ಜನ ಚದುರತೊಡಗಿದರು. ಏಳಿ ಅವ್ವ, ಎಲ್ಲ ಬಂದರಲ್ಲ ಎಂದು ನಾನು ಕೈ ಕೊಟ್ಟೆ.

ಅವರು ಏಳಲಿಲ್ಲ. ಮಡಿಲಲ್ಲಿ ಇನ್ನೊಂದು ಬಿಲ್ಲೆ ಉಳಿದಿತ್ತು. ಮಲ್ಲಪ್ಪ ಇನ್ನೂ ಮೊಣಕಾಲುದ್ದ ನೀರಿನಲ್ಲಿ ನಿಂತು ಹರಿಗೋಲನ್ನು ಮೇಲಕ್ಕೆ ಎಳೆಯುತ್ತಿದ್ದ.

“ಲೋ ಮಲ್ಲಾ,” ಎಂದು ಕೂಗಿದರು, “ನಿಂದು ಇಲ್ಲೇ ಅದೆ ಕಣ್ಲಾ. ಬಂದು ತಕಂಡೋಗು. ನಾನ್ ಮನೆಗೋಗ್ಬೇಕು.”